ಕಿಟಕಿಗೆ ಕಟ್ಟಿದ ಬಿಳಿಬಟ್ಟೆ

ಪರೇಲಿನ ಒಂದು ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವುದು ನನ್ನ ಕೆಲಸ. ಮೈಸೂರಿನಿಂದ ಒಂದು ಸೂಟ್‌ಕೇಸ್ ಹಿಡಿದುಕೊಂಡು ಬಂದಾಗ ಎರಡು ವರ್ಷ ಇದ್ದು ಅನುಭವ ಮಾಡಿಕೊಂಡು ವಾಪಸ್ಸು ಹೋಗಬೇಕು ಅಂದುಕೊಂಡಿದ್ದೆ. ಇಪ್ಪತ್ತಾರು ವರ್ಷ ಆಯಿತು. ಮದುವೆ ಆಗಲಿಲ್ಲ. ಅದರ ಹಿಂದೆ ಹೇಳಿಕೊಳ್ಳುವಂಥ ಕಥೆ ಏನೂ ಇಲ್ಲ. ಬಂದ ಸಂಬಂಧಗಳು ಒಂದೊಂದು ಕಾರಣಕ್ಕೆ ತಪ್ಪಿಹೋದವು, ಆಮೇಲೆ ಅಣ್ಣನೂ ಆ ಮಾತು ಎತ್ತುವುದನ್ನು ಬಿಟ್ಟ. ಆಸ್ಪತ್ರೆಗೆ ನಡೆದು ಹೋಗುವಷ್ಟು ದೂರದಲ್ಲಿ, ನಾಲ್ಕನೆಯ ಮಹಡಿಯಲ್ಲಿ ನನ್ನ ಮನೆ. ಒಂದು ಕೋಣೆ, ಒಂದು ಅಡುಗೆಮನೆ, ರಸ್ತೆಗೆ ಮುಖ ಮಾಡಿದ ಒಂದು ಕಿಟಕಿ.

ರೋಗಿಗಳು ಬಂದು ಎದೆಯನ್ನು ಪ್ಲೇಟಿಗೆ ಒತ್ತಿ ನಿಲ್ಲುತ್ತಾರೆ. ನಾನು ಪಕ್ಕದ ಕೋಣೆಗೆ ಹೋಗಿ ಗಾಜಿನ ಹಿಂದಿನಿಂದ ಹೇಳುತ್ತೇನೆ, "ಸಾಂಸ್ ಲೋ. ರೋಕೋ. ಛೋಡೋ." ಉಸಿರು ತೆಗೆದುಕೊಳ್ಳಿ, ಹಿಡಿಯಿರಿ, ಬಿಡಿ. ಕೆಲವು ದಿನ ಈ ಮೂರು ಮಾತು ಬಿಟ್ಟರೆ ನಾನು ಬೇರೇನೂ ಆಡಿರುವುದಿಲ್ಲ ಎಂಬುದು ಮನೆಗೆ ಬಂದು ಬೀಗ ತೆಗೆಯುವಾಗ ಹೊಳೆಯುತ್ತಿತ್ತು. ಬೇಸರ ಅಂತಲ್ಲ, ಅಭ್ಯಾಸವಾಗಿಬಿಟ್ಟಿತ್ತು.

ಮಳೆಗಾಲ ಮುಗಿಯುತ್ತಿದ್ದ ಒಂದು ಭಾನುವಾರ ಮೆಟ್ಟಿಲ ಮೇಲೆ ನಿಂತು ಅಣ್ಣನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಮನೆಯೊಳಗೆ ಸಿಗ್ನಲ್ ಬರುವುದಿಲ್ಲ. ಫೋನ್ ಇಟ್ಟಾಗ ಎದುರಿಗೆ ಒಬ್ಬಳು ಹುಡುಗಿ, ಹೆಗಲಿಗೆ ಬಟ್ಟೆಯ ಚೀಲ.

"ಆಂಟಿ, ನೀವು ಕನ್ನಡದವ್ರಾ? ನಮ್ದು ಉಡುಪಿ ಸೈಡ್. ಪಪ್ಪಂದು ಮಾಟುಂಗದಲ್ಲಿ ಹೋಟೆಲ್ ಉಂಟು. ನಂಗೆ ಕನ್ನಡ ಎಲ್ಲಾ ಸಮಜ್ ಆಗ್ತದೆ, ಓದ್ಲಿಕ್ಕೂ ಬರ್ತದೆ, ಬಟ್ ಮಾತಾಡ್ಲಿಕ್ಕೆ ಸ್ವಲ್ಪ ಅಟಕ್ತದೆ."

"ಚೆನ್ನಾಗೇ ಮಾತಾಡ್ತಿದ್ದೀಯಲ್ಲಮ್ಮ. ಯಾರು ಬೇಕಿತ್ತು?"

"ಯಾರಾದ್ರೂ ಬೇಕು," ಎಂದು ನಕ್ಕಳು. "ಯಾರೂ ಬಾಗಿಲೇ ತೆಗೀತಾ ಇಲ್ಲ."

ಅವಳು ಕಲಾವಿದೆ. ಚಿತ್ರ ಬರೆಯುವುದಿಲ್ಲವಂತೆ. ಚೀಲದಿಂದ ಅಂಗೈಗಿಂತ ಸ್ವಲ್ಪ ದೊಡ್ಡದಾದ ಬಿಳಿ ಹತ್ತಿ ಬಟ್ಟೆಯ ತುಂಡುಗಳ ಕಟ್ಟು ತೆಗೆದು ತೋರಿಸಿದಳು. ದಿನಾ ಬೆಳಿಗ್ಗೆ ಒಂದು ತುಂಡನ್ನು ಕಿಟಕಿಯ ಗ್ರಿಲ್‌ಗೆ ಕ್ಲಿಪ್ ಹಾಕಿ ತೂಗುಬಿಡಬೇಕು. ಮಾರನೆಯ ಬೆಳಿಗ್ಗೆ ಅದನ್ನು ತೆಗೆದು ಹೊಸದು ಹಾಕಬೇಕು. ತೆಗೆದ ಬಟ್ಟೆಯ ಮೂಲೆಯಲ್ಲಿ ಪೆನ್ಸಿಲಿನಿಂದ ತಾರೀಖು, ಅದರ ಕೆಳಗೆ ಆ ಹೊತ್ತು ಕಿಟಕಿಯಿಂದ ಏನು ಕಂಡಿತೋ ಅದು, ಒಂದೇ ಸಾಲು. ಹೋಳಿ ಹಬ್ಬದವರೆಗೆ.

"ಇದರಿಂದ ಏನಾಗತ್ತೆ?" ಎಂದೆ.

"ಗಾಳಿ ಕಾಣ್ತದೆ ಆಂಟಿ."

ಅಷ್ಟು ಸರಳವಾಗಿ ಹೇಳಿದ್ದಕ್ಕೋ ಏನೋ, ಕಟ್ಟನ್ನು ಇಸಿದುಕೊಂಡೆ. ನಮ್ಮ ಕಟ್ಟಡದ ಸೊಸೈಟಿಯ ಸೆಕ್ರೆಟರಿ ಮಾರನೆಯ ದಿನ ಲಿಫ್ಟಿನಲ್ಲಿ ಸಿಕ್ಕಿ, ಗ್ರಿಲ್ ಮೇಲೆ ಇಂಥ ಆರ್ಟ್-ಬಿರ್ಟ್ ಎಲ್ಲ ಚೆನ್ನಾಗಿ ಕಾಣುವುದಿಲ್ಲ ಎಂದು ಹಿಂದಿಯಲ್ಲಿ ಗೊಣಗಿದರು. ಕರ್ಚೀಪು ಒಣಗಹಾಕಿದ್ದೇನೆ ಎಂದುಕೊಳ್ಳಿ ಎಂದೆ. ಯಾರಿಗೂ ಹಾಗೆ ಎದುರು ಹೇಳಿದವಳಲ್ಲ ನಾನು.

ಮೊದಲ ದಿನದ ಬಟ್ಟೆಯ ಮೇಲೆ ಬರೆದೆ: "ಏನೂ ಇಲ್ಲ." ನಿಜವಾಗಿಯೂ ಹಾಗೇ ಅನಿಸಿತ್ತು. ಎದುರಿಗೆ ಮೂರು ಮಹಡಿಯ ಹಳೆಯ ಚಾಳ್, ಒಂದೊಂದು ಕೋಣೆಯ ಸಾಲುಮನೆಗಳು. ಅದರ ಹಿಂದೆ, ಹಿಂದೊಮ್ಮೆ ಮಿಲ್ ಇದ್ದ ಜಾಗದಲ್ಲಿ ಏಳುತ್ತಿದ್ದ ಬಹುಮಹಡಿ ಟವರು, ಕ್ರೇನು. ಇಷ್ಟು ವರ್ಷ ಬೆಳಿಗ್ಗೆ ಕಿಟಕಿ ತೆರೆದು ಸಂಜೆ ಮುಚ್ಚಿದ್ದೆ, ಹೊರಗೆ ನೋಡಿರಲಿಲ್ಲ. ಎರಡನೆಯ ದಿನವೂ "ಏನೂ ಇಲ್ಲ" ಎಂದು ಬರೆಯಲು ನಾಚಿಕೆಯಾಗಿ ಐದು ನಿಮಿಷ ನಿಂತೆ. ಚಾಳಿನ ಗೋಡೆಯ ಬಿರುಕಿನಲ್ಲಿ ಒಂದು ಅರಳಿ ಸಸಿ ಇತ್ತು. ಅದರ ಎಲೆಗಳು ಹಸಿರಾಗಿರಲಿಲ್ಲ, ಸಿಮೆಂಟಿನ ಬಣ್ಣಕ್ಕಿದ್ದವು. ಅದನ್ನೇ ಬರೆದೆ.

ದೀಪಾವಳಿ ಕಳೆದ ಮೇಲೆ ಬಟ್ಟೆಗಳ ಬಣ್ಣ ಬೇಗ ಬೇಗ ಬದಲಾಗತೊಡಗಿತು. ಅಕ್ಟೋಬರಿನಲ್ಲಿ ತಿಳಿ ಹಾಲಿಗೆ ಚಹಾ ಬೆರೆಸಿದ ಹಾಗೆ ಇದ್ದದ್ದು ಡಿಸೆಂಬರಿನಲ್ಲಿ ಬೂದಿಯಾಯಿತು. ಒಂದು ಬೆಳಿಗ್ಗೆ ಬಟ್ಟೆ ತೆಗೆದಾಗ ಕ್ಲಿಪ್ ಹಾಕಿದ ಜಾಗ ಮಾತ್ರ ಬೆಳ್ಳಗೆ ಉಳಿದಿತ್ತು. ನಮ್ಮ ಫಿಲ್ಮಿನಲ್ಲಿ ಗಾಳಿ ತುಂಬಿದ ಭಾಗ ಕಪ್ಪಗೆ ಕಾಣುತ್ತದೆ, ಕಾಯಿಲೆ ಬೆಳ್ಳಗೆ. ಇಲ್ಲಿ ಅದು ತಿರುಗುಮುರುಗಾಗಿತ್ತು. ಆ ತುಂಡನ್ನು ಹಿಡಿದು ನಿಂತಾಗ ನನಗೆ ಒಂದು ಸಂಗತಿ ತಟ್ಟಿತು. ಇಷ್ಟು ಜನರ ಎದೆಯ ಒಳಗನ್ನು ನೋಡಿದ್ದೇನೆ. ಅವರು ಹೋಗಿ ಎಂಥ ಕಿಟಕಿಯ ಪಕ್ಕ ಮಲಗುತ್ತಾರೆ ಎಂದು ಒಮ್ಮೆಯೂ ಯೋಚಿಸಿಲ್ಲ.

ಎದುರು ಚಾಳಿನ ಎರಡನೆಯ ಮಹಡಿಯಲ್ಲೂ ಒಂದು ಬಿಳಿ ತುಂಡು ತೂಗುತ್ತಿದ್ದದ್ದನ್ನು ನಾನು ಗಮನಿಸಿದ್ದು ನವೆಂಬರಿನಲ್ಲಿ. ಒಬ್ಬ ವಯಸ್ಸಾದ ಗಂಡಸು, ತೋಳಿಲ್ಲದ ಬನಿಯನ್ನು, ಕಿವಿಯವರೆಗೆ ಸುತ್ತಿದ ಮಫ್ಲರು. ನಾನು ಆರೂವರೆಗೆ ಕಿಟಕಿಗೆ ಬಂದರೆ ಅವರೂ ಅದೇ ಹೊತ್ತಿಗೆ ಬರುತ್ತಿದ್ದರು. ಮೊದಲ ವಾರ ಇಬ್ಬರೂ ಬೇರೆಲ್ಲೋ ನೋಡಿದೆವು. ಒಂದು ದಿನ ಅವರು ತಮ್ಮ ಬಟ್ಟೆಯನ್ನು ಎತ್ತಿ ತೋರಿಸಿ, ಎಷ್ಟು ಕಪ್ಪಾಗಿದೆ ನೋಡಿ ಎನ್ನುವಂತೆ ತಲೆ ಆಡಿಸಿದರು. ನಾನೂ ನನ್ನದನ್ನು ಎತ್ತಿ ಹಿಡಿದೆ. ಆಮೇಲೆ ದಿನಾ ಹಾಗೇ. ಅವರು ಬಟ್ಟೆ ಎತ್ತುವುದು, ನಾನು ಎತ್ತುವುದು, ಯಾರದು ಹೆಚ್ಚು ಕಪ್ಪು ಎಂದು ಇಬ್ಬರೂ ತೂಗಿ ನೋಡುವುದು. ನಡುವೆ ರಸ್ತೆ, ಟೆಂಪೋಗಳ ಹಾರ್ನು. ಒಂದೇ ಒಂದು ಮಾತು ಆಡಿದ್ದಿಲ್ಲ. ಆದರೂ ರಜೆಯ ದಿನವೂ ನನಗೆ ಆರಕ್ಕೇ ಎಚ್ಚರವಾಗುತ್ತಿತ್ತು. ಕಿಟಕಿಗೆ ಬರುವ ಮುಂಚೆ ತಲೆ ಬಾಚಿಕೊಳ್ಳುತ್ತಿದ್ದೆ. ಇದನ್ನು ಬರೆಯುವಾಗಲೂ ಸ್ವಲ್ಪ ಸಂಕೋಚವಾಗುತ್ತದೆ.

ಜನವರಿಯ ಕೊನೆಯಲ್ಲಿ ಒಂದು ಬೆಳಿಗ್ಗೆ ಅವರು ಬರಲಿಲ್ಲ. ಹಿಂದಿನ ದಿನದ ಬಟ್ಟೆ ಹಾಗೇ ತೂಗುತ್ತಿತ್ತು. ಮಾರನೆಯ ದಿನವೂ ಅದೇ ಬಟ್ಟೆ. ಊರಿಗೆ ಹೋಗಿರಬಹುದು ಎಂದುಕೊಂಡೆ. ಐದನೆಯ ದಿನದ ಹೊತ್ತಿಗೆ ಆಸ್ಪತ್ರೆಯಲ್ಲಿ ಬರುವ ಪ್ರತಿ ವಯಸ್ಸಾದವರ ಮುಖವನ್ನೂ ಹುಡುಕುವಂತೆ ನೋಡತೊಡಗಿದ್ದೆ. ಆ ಬಟ್ಟೆ ದಿನದಿಂದ ದಿನಕ್ಕೆ ಕಪ್ಪಾಗುತ್ತಿತ್ತು. ಹನ್ನೊಂದನೆಯ ದಿನ ತಡೆಯಲಾರದೆ ಡ್ಯೂಟಿ ಮುಗಿಸಿ ಬಂದವಳು ರಸ್ತೆ ದಾಟಿ ಚಾಳ್ ಹತ್ತಿದೆ. ಇಷ್ಟು ವರ್ಷದಲ್ಲಿ ಆ ಮೆಟ್ಟಿಲ ಮೇಲೆ ಕಾಲಿಟ್ಟದ್ದು ಅದೇ ಮೊದಲು.

ಬಾಗಿಲಿಗೆ ಬೀಗ ಇತ್ತು. ಪಕ್ಕದ ಮನೆಯ ಹೆಂಗಸು ಕೊತ್ತಂಬರಿ ಬಿಡಿಸುತ್ತ ಕೂತಿದ್ದಳು.

"ತೇ ಗೇಲೇ," ಎಂದಳು. ಅವರು ಹೋದರು. ನನ್ನ ಮುಖ ನೋಡಿ ಗಾಬರಿಯಾಗಿ, "ಅರೇ ನಹೀ ನಹೀ, ಮರ್ ನಹೀ ಗಯೇ! ಬದಲಾಪುರ್ ಗಯೇ," ಎಂದು ನಕ್ಕುಬಿಟ್ಟಳು. ಸತ್ತಿಲ್ಲ, ಬದಲಾಪುರಕ್ಕೆ ಹೋಗಿದ್ದಾರೆ.

ಚಾಳನ್ನು ಕೆಡವಿ ಹೊಸದು ಕಟ್ಟುತ್ತಾರಂತೆ. ಒಬ್ಬೊಬ್ಬರೇ ಖಾಲಿ ಮಾಡುತ್ತಿದ್ದರು. ಅವರು ಬದಲಾಪುರದಲ್ಲಿ ತಂಗಿಯ ಮನೆಗೆ ಹೋದರಂತೆ. ಹೋಗುವಾಗ ಬಟ್ಟೆಗಳ ಕಟ್ಟನ್ನು ಇವಳ ಕೈಗೆ ಕೊಟ್ಟು, ಆ ಹುಡುಗಿ ಬಂದರೆ ಕೊಡು ಎಂದಿದ್ದರು. ಕಿಟಕಿಯದನ್ನು ತೆಗೆಯುವುದು ಮರೆತುಹೋಗಿತ್ತು. ಮನೆಗಳ ಮುಂದಿನ ಗ್ಯಾಲರಿಯ ಕಡೆಯಿಂದ ಕೈ ಚಾಚಿ ನಾನೇ ಅದನ್ನು ಬಿಚ್ಚಿ ಆ ಕಟ್ಟಿಗೆ ಸೇರಿಸಿದೆ. ಅಲ್ಲಿಂದ ತಿರುಗಿ ನೋಡಿದರೆ ನಾಲ್ಕನೆಯ ಮಹಡಿಯಲ್ಲಿ ನನ್ನ ಕಿಟಕಿ. ಪರದೆ ಇಲ್ಲದ, ಯಾರೂ ಇಲ್ಲದ ಕಿಟಕಿ. ಹೊರಗಿನಿಂದ ಅದು ಹೇಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಹೋಳಿಯಾದ ಮೇಲೆ ಆ ಹುಡುಗಿ ಬೈಕುಲ್ಲಾದ ಒಂದು ಹಳೆಯ ಗೋದಾಮಿನಲ್ಲಿ ಎಲ್ಲವನ್ನೂ ತೂಗುಹಾಕಿದಳು. ಸುತ್ತ ಲೇಥ್ ಮಶೀನುಗಳ ಸದ್ದು, ಗ್ರೀಸಿನ ವಾಸನೆ. ಇಪ್ಪತ್ತಕ್ಕೂ ಹೆಚ್ಚು ಮನೆಯವರ ಬಟ್ಟೆಗಳು, ಒಂದೊಂದು ಮನೆಗೆ ಒಂದೊಂದು ಅಡ್ಡ ದಾರ, ಒಂದರ ಕೆಳಗೆ ಒಂದು. ತಾರೀಖುಗಳನ್ನು ಒಂದೇ ನೇರಕ್ಕೆ ಬರುವ ಹಾಗೆ ಜೋಡಿಸಿದ್ದಳು. ಬಾಗಿಲಲ್ಲಿ ನಿಂತರೆ ಎಡದಿಂದ ಬಲಕ್ಕೆ ಬಿಳುಪು ಮಾಸುತ್ತ ಹೋಗುವುದು ಕಾಣುತ್ತಿತ್ತು. ನನ್ನ ಮನೆಯ ಬಟ್ಟೆ ಕಪ್ಪಾದ ವಾರವೇ ದೂರದ ಮುಲುಂಡಿನವರದ್ದೂ ಕಪ್ಪಾಗಿತ್ತು, ಚೆಂಬೂರಿನವರದ್ದೂ. ಧೂಳು ನನ್ನ ಕಿಟಕಿಯ ತಕರಾರು ಎಂದೇ ತಿಳಿದಿದ್ದೆ ನಾನು.

ಜನ ಹೆಚ್ಚಾಗಿ ನಿಂತದ್ದು ಹನ್ನೊಂದು ದಿನದ ಆ ಒಂದು ಬಟ್ಟೆಯ ಮುಂದೆ. ಕಬ್ಬಿಣದ ತಗಡಿನ ಹಾಗಿತ್ತು. ಒಬ್ಬ ತಾಯಿ ಮಗುವನ್ನು ಎತ್ತಿಕೊಂಡು ಬಂದವಳು ಅದನ್ನು ನೋಡಿ, ಮಗುವಿನ ಮೂಗಿಗೆ ಸೆರಗು ಮುಚ್ಚಿದಳು, ಅಲ್ಲಿ ಒಳಗೆ ಧೂಳೇನೂ ಇರಲಿಲ್ಲ.

ಎದುರು ಚಾಳಿನ ಅವರ ದಾರದ ಮುಂದೆ ನಾನು ತುಂಬ ಹೊತ್ತು ನಿಂತೆ. ಮರಾಠಿ ಓದಲು ಬರುತ್ತದೆ. ಒಂದೊಂದೇ ಸಾಲು ಓದಿದೆ. ಗಾಳಿ ಇವತ್ತು ಬಂದರಿನ ಕಡೆಯಿಂದ. ಪಾರಿವಾಳ ಏಳು. ಕ್ರೇನ್ ನಿಂತಿದೆ, ಬಟ್ಟೆ ಸ್ವಲ್ಪ ಬಿಳಿ. ಅರಳಿ ಗಿಡದಲ್ಲಿ ಹೊಸ ಎಲೆ. ಕೆಮ್ಮು. ಮತ್ತೆ ಕೆಮ್ಮು. ಕೊನೆಯವರೆಗೆ ಓದಿದೆ. ಎದುರು ಕಿಟಕಿಯ ಹೆಂಗಸು ಎಂದು ಎಲ್ಲಿಯೂ ಇರಲಿಲ್ಲ. ನಾನು ಅವರನ್ನು ಒಂಬತ್ತು ಬಟ್ಟೆಗಳ ಮೇಲೆ ಬರೆದಿದ್ದೆ. ಕನ್ನಡದಲ್ಲಿ ಬರೆದದ್ದು ಒಳ್ಳೆಯದಾಯಿತು, ಅಲ್ಲಿ ಓದುವವರು ಕಡಿಮೆ.

ಹುಡುಗಿಗೆ ಮಾತ್ರ ಅರ್ಥವಾಗಿತ್ತು. ನನ್ನ ಪಕ್ಕ ಬಂದು ನಿಂತಳು. "ಅವ್ರಿಗೆ ಫೋನ್ ಮಾಡಿದ್ದೆ ಆಂಟಿ. ಬರ್ಲಿಕ್ಕೆ ಆಗೂದಿಲ್ಲ ಅಂದ್ರು, ಟ್ರೇನ್ ರಶ್ಶು. ನಂಬರ್ ಕೊಡ್ಲಾ?"

"ಬೇಡಮ್ಮ," ಎಂದೆ. "ಎದೆ ಒಂದ್ಸಲ ತೋರಿಸಿಕೊಳ್ಳಿ ಅಂತ ಹೇಳು. ಕೆಮ್ಮು ಅಂತ ತುಂಬ ಸಲ ಬರೆದಿದ್ದಾರೆ. ಹತ್ತಿರದಲ್ಲಿ ಎಲ್ಲಾದರೂ ಸರಿ."

ಹೇಳಿದಳಂತೆ. ತೋರಿಸಿಕೊಂಡರೋ ಇಲ್ಲವೋ ಗೊತ್ತಿಲ್ಲ.

ಕೊನೆಯ ದಿನ ನಮ್ಮ ಸೆಕ್ರೆಟರಿ ಬಂದರು. ನಾನು ಕರೆದಿದ್ದೆ, ಬರುತ್ತಾರೆ ಎಂದುಕೊಂಡಿರಲಿಲ್ಲ. ನನ್ನ ದಾರದ ಒಂದು ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ, ಬೆರಳು ನೋಡಿಕೊಂಡರು. ಅವರ ಮೊಮ್ಮಗಳಿಗೆ ಉಬ್ಬಸ, ಪಂಪ್ ಇಟ್ಟುಕೊಂಡೇ ಶಾಲೆಗೆ ಹೋಗುತ್ತಾಳೆ. "ನಾವು ನಿಮಗಿಂತ ಕೆಳಗಿನ ಮಹಡಿ," ಎಂದಷ್ಟೇ ಹೇಳಿದರು. ಟವರು ಕಟ್ಟುವವರ ಮೇಲೆ ದೂರು ಕೊಡೋಣ, ಇಬ್ಬರೂ ಹೋಗೋಣ ಎಂದು ದಿನ ಗೊತ್ತು ಮಾಡಿದ್ದು ಅವರೇ. ಆ ದಿನ ಅವರಿಗೆ ಏನೋ ಕೆಲಸ ಬಂತು. ನಾನು ಅರ್ಧ ದಿನ ರಜೆ ಹಾಕಿಬಿಟ್ಟಿದ್ದೆ, ಒಬ್ಬಳೇ ನಗರಪಾಲಿಕೆಯ ವಾರ್ಡ್ ಆಫೀಸಿಗೆ ಹೋದೆ. ಹುಡುಗಿಯಿಂದ ವಾಪಸ್ಸು ಕೇಳಿ ಪಡೆದ ನನ್ನ ಎಂಟು ಬಟ್ಟೆಗಳನ್ನು ಕವರಿನಲ್ಲಿ ಇಟ್ಟುಕೊಂಡಿದ್ದೆ.

ಕ್ಲರ್ಕು ಒಳ್ಳೆಯವನು, ಪೂರ್ತಿ ಕೇಳಿಸಿಕೊಂಡ. ಬಟ್ಟೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದಾಗ ಪಕ್ಕದ ಮೇಜಿನವರೂ ಎದ್ದು ಬಂದು ನೋಡಿದರು.

"ಸೊಸೈಟಿ ಕಾ ಕಂಪ್ಲೇಂಟ್ ಹೈ?" ಎಂದು ಕೇಳಿದ.

"ಇಲ್ಲ, ನನ್ನದು."

"ಘರ್ ಮೇ ಕಿತ್ನೇ ಲೋಗ್?" ಮನೆಯಲ್ಲಿ ಎಷ್ಟು ಜನ ಅಂತ.

"ಒಬ್ಬಳೇ," ಎಂದೆ ಹಿಂದಿಯಲ್ಲಿ. ಆ ಪ್ರಶ್ನೆಗೆ ಯಾವಾಗಲೂ ಧ್ವನಿ ಇಳಿಸಿ ಉತ್ತರಿಸುತ್ತಿದ್ದವಳು ಅವತ್ತು ಜೋರಾಗಿಯೇ ಹೇಳಿದೆ. ಅವನು ಬರೆದುಕೊಂಡ.

ಮುಂದಿನ ವಾರ ಧೂಳು ಹಾರದಂತೆ ಟವರಿನ ಸುತ್ತ ಹಸಿರು ಬಲೆ ಕಟ್ಟಿದರು. ನೀರು ಚಿಮುಕಿಸುವ ಟ್ಯಾಂಕರ್ ಬಂದದ್ದು ಮಧ್ಯಾಹ್ನ, ನಾನು ಡ್ಯೂಟಿಯಲ್ಲಿದ್ದ ಹೊತ್ತು, ನೋಡಲು ಸಿಗಲಿಲ್ಲ. ಸಂಜೆ ಬಂದಾಗ ರಸ್ತೆ ಇನ್ನೂ ಅಲ್ಲಲ್ಲಿ ಒದ್ದೆಯಾಗಿತ್ತು. ಚಪ್ಪಲಿಗೆ ಕೆಸರು ಮೆತ್ತಿಕೊಂಡಿತು. ಯಾರಿಗಾದರೂ ಹೇಳಬೇಕು ಅನಿಸಿ, ಮೆಟ್ಟಿಲ ಮೇಲೆ ನಿಂತು ಸೆಕ್ರೆಟರಿಯ ಮನೆಯ ಬೆಲ್ ಒತ್ತಿದೆ.