ರೈಲು ನಿಲ್ದಾಣವನ್ನು ನಡೆಸಿಕೊಂಡು ಬಂದ ಆರ್ಡಿಸ್

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಕಾಟನ್‌ವುಡ್ ಬೆಂಡ್ ಎಂಬ ಊರಿನ ಹಳೆಯ ರೈಲು ನಿಲ್ದಾಣದ ಅಡಿಯಿಂದ ಎರಡು ಬೂಟುಗಳಷ್ಟೇ ಹೊರಗೆ ಚಾಚಿವೆ. ಬೂಟುಗಳ ಒಡತಿ ಆರ್ಡಿಸ್ ಟ್ಯಾಕೆಟ್. ಅರವತ್ತು ದಾಟಿದ ಹೆಂಗಸು. ಅಂಗಾತ ಮಲಗಿ, ಹಣೆಯ ದೀಪದ ಬೆಳಕಿನಲ್ಲಿ ತೊಲೆಗಳನ್ನು ಒಂದೊಂದಾಗಿ ತಟ್ಟಿ ನೋಡುತ್ತಿದ್ದಾರೆ.

"ಎದ್ಯೇನಮ್ಮಾ?" ಎಂದು ಕಟ್ಟಡವನ್ನೇ ಕೇಳುತ್ತಾರೆ. "ಇವತ್ತು ನಿನ್ನ ಸವಾರಿ ಕಣೇ, ರೆಡಿಯಾಗು."

ಬೆಳ್ಳಿ ಗಣಿಯ ಕಾಲದಲ್ಲಿ ಕಟ್ಟಿದ ಮರದ ನಿಲ್ದಾಣವಿದು. ಗಣಿ ಮುಚ್ಚಿತು, ರೈಲು ನಿಂತಿತು, ಈಗ ನದಿ ನಿಲ್ದಾಣದ ಬುಡದ ದಂಡೆಯನ್ನೇ ಕೊರೆಯುತ್ತಿದೆ. ಹಾಗಾಗಿ ಇಡೀ ನಿಲ್ದಾಣವನ್ನು ಉಕ್ಕಿನ ತೊಲೆಗಳ ಮೇಲೆತ್ತಿ, ಗಾಲಿಗಳ ಮೇಲೆ ಕೂರಿಸಿ, ಮೂರು ಬೀದಿ ಆಚೆ ನ್ಯಾಯಾಲಯದ ಪಕ್ಕಕ್ಕೆ ಒಯ್ಯಬೇಕು. ಮುಂದೆ ಎಳೆಯುವ ಲಾರಿಯಲ್ಲಿ ಗಂಡ ವರ್ನನ್. ಪಕ್ಕದಲ್ಲಿ ನಡೆಯುತ್ತಾ, ಬೇಕಾದಾಗ ಅಡಿಗೆ ನುಗ್ಗುವವರು ಆರ್ಡಿಸ್.

ಕಟ್ಟಡ ಸಾಗಿಸುವುದು ಆರ್ಡಿಸ್‌ಗೆ ಅಪ್ಪನಿಂದ ಬಂದ ಕಸುಬು. "ಚಿಕ್ಕೋಳಿದ್ದಾಗ ನಾನು ಕಡ್ಡಿ ತರ ಇದ್ದೆ. ಸಂದೀಲಿ ನುಗ್ಗೋಕೆ ಬೇರೆ ಯಾರಿಗೂ ಆಗ್ತಿರ್ಲಿಲ್ಲ. ಅಷ್ಟೇ ನನ್ನ ವಿದ್ಯೆ" ಎಂದು ನಗುತ್ತಾರೆ. ಊರಿನ ಹಳೆಯ ಜೈಲು, ಅಗ್ನಿಶಾಮಕ ಠಾಣೆ ಎರಡೂ ಇವರ ಕೈಯಿಂದಲೇ ಜಾಗ ಬದಲಿಸಿವೆ. ಗಣಿಗಾರರು ಕದ್ದು ಹೋಗುತ್ತಿದ್ದ ಕೆಂಪು ಪರದೆಯ ಮನೆ ಈಗ ಊರಿನ ಗ್ರಂಥಾಲಯ. "ಅದನ್ನ ಸಾಗಿಸ್ವಾಗ ಮಾತ್ರ ಊರಿನ ಮುದುಕರೆಲ್ಲ ಬೇರೆ ಕಡೆ ನೋಡ್ತಿದ್ರು!"

ಎಲ್ಲವೂ ನಗುವ ಮಾತಲ್ಲ. ಒಮ್ಮೆ ಚರ್ಚು ಎತ್ತುವಾಗ, ಭಾರ ಎತ್ತುವ ಜಾಕ್ ಜಾರಿ ಆರ್ಡಿಸ್‌ರ ಎಡ ಹೆಗಲ ಮೂಳೆ ಮುರಿದಿತ್ತು. ಇಂದಿಗೂ ಎಡಗೈ ತಲೆಯ ಮೇಲಕ್ಕೆ ಏಳುವುದಿಲ್ಲ.

ಬಿಸಿಲೇರುವ ಹೊತ್ತಿಗೆ ನಿಲ್ದಾಣ ಹೊರಡುತ್ತದೆ, ತುಂಬು ಬಸುರಿಯ ನಡಿಗೆಯಲ್ಲಿ. ಬೀದಿಯ ಇಕ್ಕೆಲದಲ್ಲೂ ಮಡಚುವ ಕುರ್ಚಿ ಹಾಕಿಕೊಂಡು ಊರೇ ಕೂತಿದೆ, ಬ್ಯಾಂಡು ನುಡಿಯುತ್ತಿದೆ. ನಿಲ್ದಾಣದ ಕೊನೆಯ ಸ್ಟೇಷನ್ ಮಾಸ್ಟರ್, ಎಂಬತ್ತು ದಾಟಿದ ಹಾಲಿಸ್ ಪ್ರೂಯಿಟ್, ಹಳೆಯ ಟೋಪಿ ಧರಿಸಿ ಹಿಂದೆ ಹಿಂದೆಯೇ ನಡೆಯುತ್ತಿದ್ದಾರೆ.

ಬೇಕರಿಯ ತಿರುವಿನಲ್ಲಿ ರಸ್ತೆ ತುಸು ತಗ್ಗು. ಅಲ್ಲಿ ಒಳಗಿನಿಂದ ಫಟ್ ಎಂದು ಸದ್ದು ಬರುತ್ತದೆ.

"ನಿಲ್ಸು!" ಎಂದು ಆರ್ಡಿಸ್ ಕೂಗುತ್ತಾರೆ. ಬ್ಯಾಂಡಿನವರ ಕೈ ನಿಲ್ಲುತ್ತದೆ. ನಿರೀಕ್ಷಣಾ ಕೊಠಡಿಯ ನೆಲ ಒಂದು ಮೂಲೆಯಲ್ಲಿ ಕುಸಿಯುತ್ತಿದೆ. ಯಾರಿಗೂ ಕಾಯದೆ ಆರ್ಡಿಸ್ ಅಡಿಗೆ ನುಗ್ಗುತ್ತಾರೆ. ಒಳಗೊಳಗೇ ಲಡ್ಡಾಗಿದ್ದ ನೆಲದ ಮರದ ತೊಲೆಯೊಂದು ಸೀಳಿದೆ. ಮೇಲೆ ಇಡೀ ನಿಲ್ದಾಣದ ಭಾರ.

"ಹೊರಗೆ ಬಾ ಮಾರಾಯ್ತಿ! ಹೋದ್ರೆ ಹೋಗ್ಲಿ ಸ್ಟೇಷನ್ನು!" ವರ್ನನ್ ಲಾರಿಯಿಂದಲೇ ಕೂಗುತ್ತಾರೆ.

"ಬಾಯ್ಮುಚ್ಕೊಂಡು ಬ್ರೇಕ್ ಹಿಡ್ಕೊಳಯ್ಯ. ಮರದ ದಿಮ್ಮಿ ಒಳಗೆ ತಳ್ಳೋಕೆ ಹೇಳು ಅವರಿಗೆ."

ಒಂದರ ಮೇಲೊಂದು ಅಡ್ಡಡ್ಡ ದಿಮ್ಮಿ ಪೇರಿಸಿ, ನಡುವೆ ಜಾಕ್ ಇಟ್ಟು, ಅದರ ಹಿಡಿಯನ್ನು ಬಲಗೈಯೊಂದರಲ್ಲೇ ಒತ್ತುತ್ತಾರೆ. ಕಟ್ಟಡ ನರಳುತ್ತದೆ. ಧೂಳು ಉದುರುತ್ತದೆ. ಆಮೇಲೆ ನೆಲ ಕೂದಲೆಳೆಯಷ್ಟು ಮೇಲೇಳುತ್ತದೆ, ಇನ್ನಷ್ಟು ಏಳುತ್ತದೆ, ಮಟ್ಟಕ್ಕೆ ಬಂದು ನಿಲ್ಲುತ್ತದೆ. ಹೊಸ ತೊಲೆ ಆನಿಸಿ ಆರ್ಡಿಸ್ ತೆವಳಿ ಹೊರಬಂದಾಗ ಮುಖವೆಲ್ಲ ಬೂದಿ ಬಣ್ಣ. ವರ್ನನ್ ಲಾರಿಯಿಂದ ಜಿಗಿದು ಬಂದು, ತಮ್ಮ ಅಂಗಿಯ ತೋಳಿನಿಂದ ಹೆಂಡತಿಯ ಮುಖ ಒರೆಸುತ್ತಾರೆ.

ಹಾಲಿಸ್ ಜೇಬಿನ ಗಡಿಯಾರ ತೆಗೆದು ನೋಡುತ್ತಾರೆ. "ಇಷ್ಟು ವರ್ಷ ರೈಲು ಲೇಟಾಗ್ತಿತ್ತು. ಇವತ್ತು ಸ್ಟೇಷನ್ನೇ ಲೇಟು!"

ಇಡೀ ಬೀದಿ ಗೊಳ್ಳೆಂದು ನಗುತ್ತದೆ. ಬ್ಯಾಂಡು ಮತ್ತೆ ಶುರುವಾಗುತ್ತದೆ.

ಮಧ್ಯಾಹ್ನಕ್ಕೆ ನಿಲ್ದಾಣ ಹೊಸ ಅಡಿಪಾಯದ ಮೇಲೆ ಕೂರುತ್ತದೆ. ಭಾಷಣಗಳಲ್ಲಿ ದಾನಿಗಳ ಹೆಸರು ಬರುತ್ತದೆ, ನಗರಸಭೆಯವರ ಹೆಸರೂ ಬರುತ್ತದೆ. ಆರ್ಡಿಸ್ ಲಾರಿಯ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು, ಬೇಕರಿಯವರು ಕೊಟ್ಟ ಚೆರ್ರಿ ಪೈ ತಿನ್ನುತ್ತಿದ್ದಾರೆ. ನಿಮ್ಮ ಹೆಸರು ಯಾರೂ ಹೇಳಲಿಲ್ಲ, ಬೇಜಾರಿಲ್ಲವೇ ಎಂದು ಕೇಳಿದರೆ ಬೆರಳು ನೆಕ್ಕಿಕೊಳ್ಳುತ್ತಾ ಇಲ್ಲವೆಂದು ತಲೆಯಾಡಿಸುತ್ತಾರೆ.

"ಇನ್ನು ಹತ್ತು ವರ್ಷಕ್ಕೆ ಯಾವ್ದೋ ಮಗು ಆ ಗೋಡೆಗೆ ಒರಗಿ ಐಸ್‌ಕ್ರೀಮ್ ತಿಂತಿರ್ಬೇಕು. ಈ ಸ್ಟೇಷನ್ ಹುಟ್ಟಿದ್ದೇ ಇಲ್ಲಿ ಅಂತ ಅದು ಅಂದ್ಕೊಂಡ್ರೆ, ನನ್ನ ಕೆಲ್ಸ ಚೆನ್ನಾಗಾಗಿದೆ ಅಂತ್ಲೇ ಲೆಕ್ಕ."