ಕೂಸು ಮಾತ್ರ ಕೊಡದ ನರ್ಸಬಾಯಿ

ಅವರ ಬಲಗೈ ಹೆಬ್ಬೆರಳು ಹಿಂದಕ್ಕೆ ಬಾಗಿತ್ತು. ಉಗುರುಗಳನ್ನು ಮಾಂಸಕ್ಕೆ ಹತ್ತುವಷ್ಟು ಗಿಡ್ಡ ಕತ್ತರಿಸಿಕೊಳ್ಳುತ್ತಿದ್ದರು. ಮಣ್ಣು ಮುಟ್ಟುವ ಮೊದಲು ಎರಡೂ ಕೈಗಳಿಗೆ ಮೊಣಕೈವರೆಗೆ ಸಾಬೂನು ಹಚ್ಚಿ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದರು. ಮಣ್ಣು ಕಲಸಿದ ಮೇಲೆ ಕೈ ತೊಳೆಯುವವರನ್ನು ಎಲ್ಲರೂ ಕಂಡಿರುತ್ತಾರೆ. ಕಲಸುವ ಮೊದಲೇ ತೊಳೆಯುವವರನ್ನು ನಾನು ಕಂಡದ್ದು ಇವರೊಬ್ಬರನ್ನೇ. ಯಾಕೆಂದು ಕೇಳಿದರೆ, "ಹೆರಿಗಿ ಮಾಡ್ಸಿದ ಕೈ ತಂಗಿ, ರೂಢಿ ಬಿಡಂಗಿಲ್ಲ," ಎನ್ನುತ್ತಿದ್ದರು.

ಕಮಲಾಪುರದ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಮದುವೆಯಾದವರಲ್ಲ. ಊರಿಗೆ ಊರೇ ಅವರನ್ನು ನರ್ಸಬಾಯಿ ಎಂದೇ ಕರೆಯುತ್ತಿತ್ತು. ನನಗೆ ಮದುವೆಯಾದ ಹೊಸದರಲ್ಲಿ ಅಲ್ಲಿನ ಪ್ರಾಥಮಿಕ ಶಾಲೆಗೆ ನೇಮಕವಾಯಿತು. ನಾನೂ ನನ್ನ ಗಂಡನೂ ಅವರ ಮನೆಯ ಹಿಂದಿನ ಒಂದು ಕೋಣೆಯಲ್ಲಿ ಬಾಡಿಗೆಗಿದ್ದೆವು. ಅದು ಒಂದೇ ವರ್ಷ. ಆಮೇಲೆ ಕಲಬುರಗಿಗೆ ವರ್ಗವಾಗಿ, ಕೋಟನೂರದಲ್ಲಿ ನಮ್ಮ ಅತ್ತೆಯ ಮನೆ ಸೇರಿಕೊಂಡೆವು. ಆದರೆ ಆ ಒಂದು ವರ್ಷದ ಕ್ರಿಸ್ಮಸ್ಸಿಗೆ ಅವರು ನಮಗೊಂದು ಉಡುಗೊರೆ ಕೊಟ್ಟರಲ್ಲ, ಅದು ಅಲ್ಲಿಗೆ ಮುಗಿಯುವ ಉಡುಗೊರೆಯಾಗಿರಲಿಲ್ಲ.

ಕೊಟ್ಟದ್ದು ಗೋದಲಿಗೆ, ಅಂದರೆ ಯೇಸು ಹುಟ್ಟಿದ ದೃಶ್ಯದ ಗೊಂಬೆಗಳಿಗೆ, ಜೋಳದ ದಂಟಿನಿಂದ ಹೆಣೆದ ಒಂದು ಕೊಟ್ಟಿಗೆ. ಗೇಣುದ್ದ. ಒಳಗೆ ಏನೂ ಇಲ್ಲ. ನಾನು ಬಗ್ಗಿ ಒಳಗೆ ನೋಡಿದೆ, ತಿರುಗಿಸಿ ಹಿಂದೆಯೂ ನೋಡಿದೆ. "ಉಳದದ್ದು ಎಲ್ಲ್ಯದರೀ?" ಎಂದು ಕೇಳಿದೆ.

"ಬರ್ತದ. ಒಂದ್ ವರ್ಷದಾಗ ಯಾರದರ ಸಂಸಾರ ಆಗ್ಯಾದೇನು? ಗೋದಲಿ ಮಾತ್ರ ಯಾಕ ಆಗಬೇಕು?"

ಅದು ಅವರ ಪದ್ಧತಿ. ತಮಗೆ ಬೇಕಾದ ಮನೆಯಲ್ಲಿ ಹೊಸದಾಗಿ ಮದುವೆಯಾಯಿತೆಂದರೆ ಮೊದಲ ಕ್ರಿಸ್ಮಸ್ಸಿಗೆ ಬರೀ ಕೊಟ್ಟಿಗೆ. ಮರುವರ್ಷ ಎತ್ತುಗಳು. ಹೀಗೆ ವರ್ಷಕ್ಕೆ ಒಂದೊಂದು. ಗೋದಲಿ ತುಂಬುವ ಹೊತ್ತಿಗೆ ಆರೇಳು ವರ್ಷ ಕಳೆದಿರುತ್ತಿತ್ತು. ಎಲ್ಲವೂ ಅವರ ಕೈಯದೇ. ಹಳ್ಳದ ಮಣ್ಣು ತಂದು, ಸೋಸಿ, ಬಿರಿಯದಿರಲೆಂದು ಹತ್ತಿ ಬೆರೆಸಿ ಕುಟ್ಟುತ್ತಿದ್ದರು. ಸುಣ್ಣ ಮತ್ತು ಕೆಮ್ಮಣ್ಣು ಬಿಟ್ಟು ಬೇರೆ ಬಣ್ಣವಿಲ್ಲ. ಡಿಸೆಂಬರ್ ಮೊದಲ ವಾರದಲ್ಲಿ ಬಿಸ್ಕಿಟ್ ಡಬ್ಬಿಯಲ್ಲಿ ಒಣಗಿದ ಬಾಳೆಲೆ ಹಾಸಿ, ಗೊಂಬೆ ಮಲಗಿಸಿ, ಕಮಲಾಪುರದಿಂದ ಬಸ್ಸು ಹತ್ತಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ತಾವೇ ಬರುತ್ತಿದ್ದರು. ಚಹಾ ಕುಡಿದು ಅದೇ ಮಧ್ಯಾಹ್ನ ವಾಪಸ್. ಒಮ್ಮೆ ನಾನು ದೊಡ್ಡಸ್ತಿಕೆಯಿಂದ ಅಂಗಡಿಯ ಮಿಣಮಿಣ ಗೋದಲಿ ಸೆಟ್ ತಂದು ಅವರಿಗೆ ಕೊಟ್ಟೆ. "ಭಾಳ ಚಂದ ಅದ," ಎಂದು ತೆಗೆದುಕೊಂಡರು. ಮುಂದೆ ಅದು ಪಕ್ಕದ ಮನೆಯ ಮಕ್ಕಳ ಕೈಯಲ್ಲಿ ಅಂಗಳದಲ್ಲಿ ಉರುಳಾಡುತ್ತಿತ್ತು.

ಅವರ ಎತ್ತುಗಳ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅವು ಅಪ್ಪಟ ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳು. ಹೆಗಲ ಮೇಲೆ ಎದ್ದುನಿಂತ ಹಿಣಿಲು, ಚೂಪಾದ ಕೋಡು, ಕೊರಳಲ್ಲಿ ಜೋಳದ ಕಾಳಿನ ಸರ. ಹುಡುಗಿಯಾಗಿದ್ದಾಗ ಪಕ್ಕದ ಒಕ್ಕಲಿಗರ ಮನೆಯ ಅಜ್ಜಿಯ ಹತ್ತಿರ ಕುಳಿತು ಕಲಿತದ್ದಂತೆ. ಆ ಮನೆಯವರು ಅಮಾವಾಸ್ಯೆಗೆ ಪೂಜೆ ಮಾಡುತ್ತಿದ್ದರು, ಇವರು ಡಿಸೆಂಬರಿನಲ್ಲಿ ಅದೇ ಎತ್ತು ಮಾಡಿ ಯೇಸುಸ್ವಾಮಿಯ ಪಕ್ಕ ಕಟ್ಟುತ್ತಿದ್ದರು. ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರು ಅದಕ್ಕೆ ಆಕ್ಷೇಪ ಎತ್ತಿದಾಗ ಇವರು ಹೇಳಿದ್ದಿಷ್ಟೇ: "ಎತ್ತಿಗಿ ಯಾವ ಜಾತಿರೀ?"

ಯೇಸುವಿಗೆ ಕಾಣಿಕೆ ತರುವ ಮೂವರು ಜ್ಞಾನಿಗಳ ಗೊಂಬೆ ಬಂದ ವರ್ಷ ನಮ್ಮ ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಒಬ್ಬನ ಕೈಯಲ್ಲಿ ಪೊಟ್ಟಣ, ಒಬ್ಬನ ತಲೆಯ ಮೇಲೆ ಚೀಲ, ಇನ್ನೊಬ್ಬನ ಹೆಗಲ ಮೇಲೆ ಬಾಳೆಗೊನೆ. ಅತ್ತೆ ಕನ್ನಡಕ ಏರಿಸಿ ನೋಡಿ, "ಚಿನ್ನ, ಧೂಪ, ರಕ್ತಬೋಳ ಅಂತ ಬರದಾದಲ್ಲರೀ ಸತ್ಯವೇದದಾಗ?" ಎಂದರು.

"ಮೂರು ಮಂದಿಯೊಳಗ ಶಾಣ್ಯಾ ಅಂದ್ರ ಒಬ್ಬನೇ ಯವ್ವಾ," ಎಂದರು ನರ್ಸಬಾಯಿ. " ಬೋಳ ತಂದಾನ, ಬಾಣಂತಿಗಿ ಬೇಕಾಗ್ತದ. ಉಳದವರು ಬರೀ ಗಂಡಸರ ಬುದ್ಧಿ ಮಾಡ್ಯಾರ. ಬಂಗಾರ ತಿಂತಾಳೇನು ಆಕಿ? ಅದಕ್ಕ ಒಬ್ಬನ ತಲಿ ಮ್ಯಾಲ ತೊಗರಿಬ್ಯಾಳಿ ಹೊರಿಸೀನಿ, ಒಬ್ಬನ ಹೆಗಲಿಗಿ ನಮ್ಮೂರ ಕೆಂಪು ಬಾಳಿಗೊನಿ ಕೊಟ್ಟೀನಿ."

ಅತ್ತೆ ನಕ್ಕುಬಿಟ್ಟರು. ಅತ್ತೆಯನ್ನು ನಗಿಸುವುದು ಸುಲಭದ ಕೆಲಸವಲ್ಲ.

ಇನ್ನು ಅವರ ಮರಿಯಮ್ಮ. ನಾನು ಕಂಡ ಎಲ್ಲ ಗೋದಲಿಗಳಲ್ಲಿ ಮರಿಯಮ್ಮ ಮೊಣಕಾಲೂರಿ ಕೈ ಮುಗಿದು ಕುಳಿತಿರುತ್ತಾಳೆ. ಇವರ ಮರಿಯಮ್ಮ ತಲೆಗೆ ಬಟ್ಟೆ ಕಟ್ಟಿಕೊಂಡು ಮಗ್ಗುಲಾಗಿ ಮಲಗಿದ್ದಳು. ಯೋಸೇಫ ಬಿಸಿನೀರಿನ ಕೊಡ ಹಿಡಿದು ನಿಂತಿದ್ದ. "ಹಡದ ಹೆಣ್ಣಮಗಳು ಮೊಣಕಾಲೂರಿ ಕುಂದರ್ತಾಳೇನು? ನಾ ಇಷ್ಟು ಬಾಣಂತೇರನ್ನ ನೋಡೀನಿ, ಒಬ್ಬಾಕೀನೂ ಹಂಗ ಕುಂತಿಲ್ಲ. ಮಲ್ಕೊಳ್ಳಿ ಬಿಡು, ಅಷ್ಟು ದೂರದಿಂದ ಬಂದಾಳ ಪಾಪ." ಅದನ್ನು ಕೇಳಿದ ಮೇಲೆ ಬೇರೆ ಯಾವ ಗೋದಲಿ ಕಂಡರೂ ನನಗೆ, ಅಯ್ಯೋ ಈಕೆಗೆ ಯಾರಾದರೂ ಒಂದು ಹಾಸಿಗೆ ಹಾಕಬಾರದೆ ಅನಿಸುತ್ತದೆ.

ಮರಿಯಮ್ಮ ಬಂದಾಯಿತು. ಇನ್ನು ಉಳಿದದ್ದು ಕೂಸು.

ಆ ಹೊತ್ತಿಗೆ ನಮ್ಮ ಮದುವೆಯಾಗಿ ಆರು ವರ್ಷ ದಾಟಿತ್ತು. ನಮಗೆ ಮಕ್ಕಳಿರಲಿಲ್ಲ. ಕಲಬುರಗಿಯಲ್ಲಿ ತೋರಿಸದ ಡಾಕ್ಟರಿಲ್ಲ. ಅತ್ತೆ ಕೆಟ್ಟವರಲ್ಲ, ಆದರೆ ಆಸೆ ಅವರನ್ನು ಹುಚ್ಚು ಮಾಡಿತ್ತು. ಯಾರು ಯಾವ ಬೇರು ಹೇಳಿದರೂ ತಂದು ಅರೆದು ಕುಡಿಸುತ್ತಿದ್ದರು. ಯಾರಾದರೂ ಪರಿಚಯ ಕೇಳಿದರೆ, "ನಮ್ಮ ಸೊಸಿರೀ, ಇನ್ನೂ ಏನೂ ಇಲ್ಲ," ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ತೊಟ್ಟಿಲ ಕಾರ್ಯಕ್ಕೆ ಹೋದರೆ ಹೆಂಗಸರು ಮೆಲ್ಲಗೆ ಕೂಸನ್ನು ನನ್ನ ಮಗ್ಗುಲಿನಿಂದ ಆಚೆ ಸರಿಸುವುದು ನನಗೆ ಕಾಣುತ್ತಿತ್ತು. ಶಾಲೆಯಲ್ಲಿ ನಾನು ಜೋರು ಟೀಚರ್, ಮಕ್ಕಳು ನನ್ನ ಚಪ್ಪಲಿ ಸಪ್ಪಳಕ್ಕೇ ಸುಮ್ಮನಾಗುತ್ತಾರೆ. ಅಲ್ಲಿ ಮಾತ್ರ ನನ್ನ ಬಾಯಿ ಕಟ್ಟುತ್ತಿತ್ತು.

ನನಗೆ ಒಂದು ವಿಷಯ ಕೊರೆಯುತ್ತಿತ್ತು. ಕಮಲಾಪುರದಲ್ಲಿ ನಾನು ಕಂಡ ಗೋದಲಿಗಳಲ್ಲಿ ಕೂಸು ಇದ್ದದ್ದು ಮಕ್ಕಳಿದ್ದ ಮನೆಗಳಲ್ಲಿ ಮಾತ್ರ. ನರ್ಸಬಾಯಿ ನಮಗೆ ಕೂಸು ಕೊಡುತ್ತಾರೋ ಇಲ್ಲವೋ? ಬೇರೆಯವರು ಏನೇ ಮಾಡಲಿ, ಆರು ವರ್ಷದಲ್ಲಿ ಒಂದು ದಿನವೂ "ಏನಾದರೂ ವಿಶೇಷ?" ಎಂದು ಕೇಳದವರು ಅವರೊಬ್ಬರೇ. ಅವರೂ ಕೊಡದಿದ್ದರೆ?

ಆ ವರ್ಷ ಅವರು ಬರಲಿಲ್ಲ. ಮೊಣಕಾಲು ನೋವೆಂದು ಡಬ್ಬಿಯನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದರು. ನನ್ನ ಗಂಡ ಬಸ್‌ಸ್ಟ್ಯಾಂಡಿಗೆ ಹೋಗಿ ತಂದ. ತೆರೆದರೆ, ಕೂಸು ಮಲಗಿಸಲು ಹುಲ್ಲು ಹಾಸಿದ ಸಣ್ಣ ಮೇವಿನ ತೊಟ್ಟಿ ಇತ್ತು. ಖಾಲಿ. ಅದರ ಕೆಳಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ, ಬಾಳೆಲೆಯಲ್ಲಿ ಕಟ್ಟಿದ ಒಂದು ಕಪ್ಪು ಉಂಡೆ. ಚೀಟಿಯಿಲ್ಲ, ಏನಿಲ್ಲ.

ಅತ್ತೆಯ ಮುಖ ಅರಳಿತು. "ಔಷಧಿ! ನೋಡಿದ್ಯಾ, ಅವರು ಬಾಯಿ ಬಿಟ್ಟು ಹೇಳಲಿಲ್ಲ ಅಷ್ಟೇ. ಹೆರಿಗಿ ಮಾಡ್ಸಿದವರಿಗಿ ಗೊತ್ತಿರಲ್ಲೇನು ಯಾವ ಬೇರು ಏನಂತ!"

ಮರುದಿನ ಬೆಳಗ್ಗೆ ಬಿಸಿಹಾಲಿನಲ್ಲಿ ಅದರ ಒಂದು ಗೋಲಿಯಷ್ಟನ್ನು ಕದಡಿ ಮುಂದೆ ಹಿಡಿದರು. "ಬರೇ ಹೊಟ್ಟಿಲೆ ಕುಡಿಬೇಕು." ನಾನು ಕುಡಿದೆ. ಹಲ್ಲಿನಲ್ಲಿ ಕರಕರ ಎಂದಿತು, ಗಂಟಲಲ್ಲಿ ಏನೋ ನಾರು ಸಿಕ್ಕಿತು. ಆದರೂ ಕುಡಿದೆ. ಅದರ ಮರುದಿನವೂ ಕುಡಿದೆ. ಮೂರನೆಯ ದಿನ ಭಾನುವಾರ. ಆರಾಧನೆಯಲ್ಲಿ ಕುಳಿತವಳಿಗೆ ಸಿಟ್ಟು ನೆತ್ತಿಗೇರಿತು. ಫೋನಿನಲ್ಲಿ ಜಗಳ ಆಡಿದರೆ ನನಗೆ ತೃಪ್ತಿಯಾಗುವುದಿಲ್ಲ. ಮನೆಗೆ ಬಂದು ಉಂಡೆಯನ್ನು ಚೀಲಕ್ಕೆ ಹಾಕಿಕೊಂಡು ಕಮಲಾಪುರದ ಬಸ್ಸು ಹತ್ತಿದೆ.

ನರ್ಸಬಾಯಿ ಅಂಗಳದ ಬಿಸಿಲಿನಲ್ಲಿ ಕಾಲು ಚಾಚಿ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕುಳಿತಿದ್ದರು. ನಾನು ಉಂಡೆಯನ್ನು ಅವರ ಮುಂದೆ ಕುಕ್ಕಿದೆ.

"ತಗೊಳ್ರಿ ನಿಮ್ಮ ಔಷಧಿ. ಎರಡು ದಿನ ಕುಡದೀನಿ, ಇನ್ನ ಕುಡಿಯಂಗಿಲ್ಲ. ಕೂಸು ಕೊಡಲಿಕ್ಕೆ ಮನಸ್ಸಿಲ್ಲಂದ್ರ ಬ್ಯಾಡ ಅನ್ರಿ. ಇಷ್ಟು ವರ್ಷ ನೀವೊಬ್ರೇ ನನ್ನ ಹೊಟ್ಟಿ ನೋಡಲಾರದೆ ಮಾರಿ ನೋಡಿ ಮಾತಾಡಿದವರು. ಕಡೀಕ ನೀವೂ ಎಲ್ಲರಂಗೇ ಆದ್ರಿ."

ಅವರು ಉಂಡೆ ನೋಡಿದರು, ನನ್ನನ್ನು ನೋಡಿದರು.

"ಕುಡದಿ? ಇದನ್ನ?"

"ಹಾಲಿನಾಗ."

"ಹತ್ತಿ ಸಮೇತ?"

ಗಂಟಲಲ್ಲಿ ಸಿಕ್ಕ ನಾರು ಏನೆಂದು ನನಗೆ ಆಗ ಹೊಳೆಯಿತು. ನರ್ಸಬಾಯಿ ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಾನೂ ನಗಲು ಹೋದೆ, ಬಂದದ್ದು ಅಳು. ಅವರು ತಟ್ಟನೆ ನಿಲ್ಲಿಸಿ ನನ್ನನ್ನು ಎಳೆದು ಪಕ್ಕಕ್ಕೆ ಕೂಡಿಸಿಕೊಂಡರು.

"ತಪ್ಪು ನಂದು ತಂಗಿ. ಪ್ರತಿ ಮನಿಗೂ ನಾನೇ ಹೋಗಿ ಬಾಯಿಲೆ ಹೇಳ್ತಿದ್ದೆ. ಈ ಸರ್ತಿ ಕಾಲು ಬರಲಿಲ್ಲ, ಚೀಟಿ ಬರಿಬೇಕಂತ ಹೊಳೀಲಿಲ್ಲ. ಅದು ಮಣ್ಣು. ಕೂಸು ಮಾಡ್ಕೊಳ್ಳಿ ಅಂತ ಕಳಿಸಿದ್ದು. ಕೂಸು ನಾ ಇವತ್ತಿನ ತನಕ ಯಾರ ಮನಿಗೂ ಕೊಟ್ಟಿಲ್ಲ. ಉಳದದ್ದೆಲ್ಲಾ ನಾ ಮಾಡ್ತೇನಿ, ಕೂಸು ಮಾತ್ರ ಆ ಮನಿಯವರ ಕೈಲೇ ಆಗಬೇಕು."

"ಮಕ್ಕಳಿದ್ದವರೂ?"

"ಎಲ್ಲರೂ. ಹೋಗಿ ನೋಡು, ಒಂದಕ್ಕ ಮೂಗಿಲ್ಲ, ಒಂದು ಆಲೂಗಡ್ಡಿ ಇದ್ದಂಗ ಅದ. ನಾ ಮಾಡಿದ್ರ ಹಂಗ ಆಗ್ತಿತ್ತೇನು?"

ಅಷ್ಟು ಕೇಳಿಯೂ ನನಗೆ ಸಮಾಧಾನವಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ನನ್ನ ಕೈಲೆ ಬ್ಯಾಡ್ರಿ. ಮಕ್ಕಳಿಲ್ಲದಾಕಿ ಮುಟ್ಟಿದ ಕೂಸು ಅಂತ ಮಂದಿ ಆಡ್ಕೊಳ್ತಾರ."

ನರ್ಸಬಾಯಿ ಎಣ್ಣೆಯ ಬಟ್ಟಲನ್ನು ಬದಿಗಿಟ್ಟರು.

"ನಾ ಏನು ಹತ್ತು ಹಡದೀನೇನು? ಈ ಊರಾಗ ಅರ್ಧಕ್ಕರ್ಧ ಮಂದೀನ್ನ ಮೊದಲ ಮುಟ್ಟಿದಾಕಿ ನಾನು. ಅವರವ್ವಗಿಂತ ಮೊದಲ. ಹಡೀಲಾರದಾಕಿ ಮುಟ್ಯಾಳ ಅಂತ ಯಾವುದರ ಕೂಸು ತಿರುಗಿ ಹೊಟ್ಟಿಯೊಳಗ ಹೋಗ್ಯಾದೇನು?"

ಆರು ವರ್ಷದ ಪರಿಚಯದಲ್ಲಿ ಅವರನ್ನು ಮಕ್ಕಳಿಲ್ಲದವರು ಎಂದು ನಾನು ಒಮ್ಮೆಯೂ ಎಣಿಸಿರಲಿಲ್ಲ. ಕಮಲಾಪುರದಲ್ಲಿ ಯಾರೂ ಎಣಿಸಿರಲಿಲ್ಲ.

"ಏಳು, ಕೈ ತೊಳ್ಕೊಂಡು ಬಾ. ಮೊಣಕೈ ತನಕ."

ಉಂಡೆಗೆ ನೀರು ಚಿಮುಕಿಸಿ ಮತ್ತೆ ಮೆತ್ತಗೆ ಮಾಡಿಕೊಟ್ಟರು. ನಾನು ಮಾಡಿದೆ. ತಲೆ ದೊಡ್ಡದಾಯಿತು, ಒಂದು ಕಿವಿ ಇನ್ನೊಂದಕ್ಕಿಂತ ಅಗಲವಾಯಿತು. ಅವರು ಏನನ್ನೂ ತಿದ್ದಲಿಲ್ಲ. ಎತ್ತಿ ಬಿಸಿಲಿಗೆ ಇಡಲು ಹೋದಾಗ ಮಾತ್ರ, "ಕುತ್ತಿಗಿಗಿ ಕೈ ಕೊಡು, ಕುತ್ತಿಗಿಗಿ," ಎಂದು ಗದರಿಸಿದರು. ನನ್ನ ಜನ್ಮದಲ್ಲಿ ಯಾರೂ ನನಗೆ ಕೂಸು ಎತ್ತುವುದನ್ನು ಕಲಿಸಿರಲಿಲ್ಲ. ಆ ಗದರಿಕೆ ಕೇಳಿ ನನಗಾದ ಸಂತೋಷವನ್ನು ಹೇಗೆ ಹೇಳಲಿ, ತಾಯಿ ಬೈದಂತೆ ಹಿತವಾಗಿತ್ತು.

ಸಂಜೆ ಮನೆಗೆ ಬಂದು ಅತ್ತೆಯ ಮುಂದೆ ಕೂಸನ್ನಿಟ್ಟು, ಔಷಧಿಯ ಕತೆ ಹೇಳಿದೆ. ಅತ್ತೆ ಬಿಳಿಚಿಕೊಂಡರು. "ನಿನಗ ನಾ ಮಣ್ಣ ಕುಡಿಸಿದೆನೇನ?" ಎಂದರು, ಅಷ್ಟೇ. ಎದ್ದು ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಅವರ ಬೆರಳ ತುದಿಯಲ್ಲಿ ಒಂದು ಕುಂಚಿಗೆ ಇತ್ತು, ಎಳೆಗೂಸಿನ ತಲೆಗೆ ಹಾಕುವ ಕುಲಾವಿ. ತಮ್ಮ ಹಳೆಯ ರೇಷ್ಮೆ ಸೀರೆಯ ಅಂಚು ಕತ್ತರಿಸಿ ಹೊಲಿದದ್ದು. ಹೆಬ್ಬೆರಳಿನಷ್ಟೇ ದೊಡ್ಡದು. ಕೂಸಿನ ತಲೆಗೆ ಅದನ್ನು ಹಾಕಿ, ಅಗಲ ಕಿವಿ ಮುಚ್ಚುವಂತೆ ಎಳೆದು, "ತಲಿಗಿ ಗಾಳಿ ಬಡಿತದ," ಎಂದರು. ಆಮೇಲೆ ನಮ್ಮ ಮನೆಯ ಹಾಲಿನಲ್ಲಿ ಹಾಲು ಬಿಟ್ಟು ಬೇರೇನೂ ಇರಲಿಲ್ಲ.

ಮುಂದಿನ ವರ್ಷಗಳಲ್ಲಿ ದಸರೆ ಮುಗಿದದ್ದೇ ನಾನು ಕಮಲಾಪುರಕ್ಕೆ ಹೋಗುತ್ತಿದ್ದೆ. ಮಣ್ಣನ್ನು ಊರಿನ ಹುಡುಗರು ಮೊದಲೇ ಹಳ್ಳದಿಂದ ತಂದು ಹಾಕಿರುತ್ತಿದ್ದರು; ನರ್ಸಬಾಯಿ ಕುಳಿತಲ್ಲಿಂದಲೇ ಹೇಳುವುದು, ನಾನು ಕುಟ್ಟುವುದು, ಸೋಸುವುದು. ಎತ್ತಿನ ಹಿಣಿಲು ನನಗೆ ಇನ್ನೂ ಸರಿಯಾಗಿ ಬಂದಿಲ್ಲ. "ಇದು ಎತ್ತಲ್ಲ, ಗೂನಬೆನ್ನಿನ ನಾಯಿ," ಎಂದು ಎಷ್ಟು ಸಲ ಮುರಿಸಿದರೋ. ಡಬ್ಬಿ ಹೊತ್ತು ಹೊಸ ಮದುಮಕ್ಕಳ ಮನೆಗೆ ಮೊದಲ ಸಲ ನನ್ನನ್ನೇ ಕಳಿಸಿದಾಗ ಹೊಸ್ತಿಲಲ್ಲೇ ಕೊಟ್ಟು ತಿರುಗಿದೆ. ಎರಡನೆಯ ಸಲ ಒಳಗೆ ಕುಳಿತು ಚಹಾ ಕುಡಿದು ಬಂದೆ. ನಮಗೆ ಮಕ್ಕಳಾಗಲಿಲ್ಲ. ಆ ನೋವು ಹೋಗಿದೆ ಎಂದರೆ ಸುಳ್ಳಾಗುತ್ತದೆ. ಆದರೆ ಆ ನೋವಿಗಾಗಿ ನಾಚಿಕೊಳ್ಳುವುದನ್ನು ಬಿಟ್ಟೆ. ಅದನ್ನು ಬಿಡಿಸಿದವರು ಅವರು. ಆ ಋಣ ತೀರಿಸುವಂಥದ್ದಲ್ಲ.

ಹೋದ ಬೇಸಿಗೆಯಲ್ಲಿ ನರ್ಸಬಾಯಿ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ನಾನೂ ಅತ್ತೆಯೂ ಮೊದಲ ಬಸ್ಸಿಗೆ ಹೋದೆವು. ಅವರ ಕೈಯಿಂದ ಭೂಮಿಗೆ ಬಂದವರೆಲ್ಲ ಸೇರಿದ್ದರು, ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಣ್ಣು ಮಾಡಿ ಬಂದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ, ಆ ಊರಿನ ಹಿರಿಯ ಹೆಂಗಸೊಬ್ಬರು ನಿಟ್ಟುಸಿರು ಬಿಟ್ಟು, "ಇನ್ನ ಗೋದಲಿ ಯಾರು ಮಾಡ್ತಾರ?" ಎಂದರು.

"ನಮ್ಮ ಸೊಸಿ ಮಾಡ್ತಾಳ," ಎಂದರು ಅತ್ತೆ.

ಆ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು, "ಮಕ್ಕಳೆಷ್ಟವ್ವ ನಿನಗ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಲೋಟ ಕೆಳಗಿಟ್ಟರು. "ಇಲ್ಲ. ಅದನ್ನ ತಗೊಂಡು ನಿಮಗೇನಾಗಬೇಕು? ಆ ಮಣ್ಣು ಹಳ್ಳದಾಗ ಎಲ್ಲಿ ಸಿಗ್ತದ, ಅದು ಹೇಳ್ರಿ."

ಆ ಹೆಂಗಸು ದಾರಿ ತೋರಿಸಿದರು. ಅತ್ತೆ ಸೆರಗು ಸಿಕ್ಕಿಸಿಕೊಂಡು ಮುಂದೆ ನಡೆದರು. ನಾನು ಬಕೆಟ್ಟು ಹಿಡಿದು ಹಿಂದೆ ಹೋದೆ.