ಹುರುಳಿಯ ಮೇಲೆ ಕಾರು ಹತ್ತಿಸುತ್ತಿದ್ದವರು

ಪರಶುರಾಂಪುರದ ನಮ್ಮ ಪಕ್ಕದ ಮನೆಯ ಯಜಮಾನರು, ರಸ್ತೆಯಲ್ಲಿ ಹುರುಳಿ ಗಿಡ ಹರಡಿದ್ದು ಕಂಡರೆ ಬೇಕೆಂದೇ ಅದರ ಮೇಲೆ ಕಾರು ಹತ್ತಿಸುತ್ತಿದ್ದರು. ಚಕ್ರಕ್ಕೆ ಸಿಕ್ಕಿ ಕಾಳು ಉದುರಲಿ ಎಂದು ರೈತರು ಹರಡಿರುತ್ತಾರೆ. ಉಳಿದವರು ಬೈದುಕೊಂಡು ಬದಿಗೆ ಸರಿದರೆ, ಇವರು ಹಿಂದೆ ಮುಂದೆ ಓಡಿಸಿ, "ಅವ್ರಿಗೂ ಒಕ್ಕಣೆ ಆಗ್ಬೇಕಲ್ರಿ" ಎನ್ನುತ್ತಿದ್ದರು.

ಆ ಹಳೆಯ ಕಾರು ಇದ್ದದ್ದೇ ಹೆಂಡತಿಯನ್ನು ಡಯಾಲಿಸಿಸ್‌ಗೆ ಚಳ್ಳಕೆರೆಗೆ ಕರೆದೊಯ್ಯಲು. ಒಮ್ಮೆ ನಾನೂ ಹಿಂದಿನ ಸೀಟಿನಲ್ಲಿದ್ದೆ. ಟೈರು, ಬ್ರೇಕು, ಎದುರಿನ ಲಾರಿ, ಎಲ್ಲದಕ್ಕೂ ಹೆದರುವವನು ನಾನು. ಹುರುಳಿ ದಾಟಿದ ಮೇಲೆ ಸುಟ್ಟ ವಾಸನೆ ಬಂತು.

"ನಿಲ್ಸಿ ಒಂದ್ಸಲ ಕೆಳಗೆ ನೋಡ್ರಿ. ಬಳ್ಳಿ ಸುತ್ಕೊಂಡೈತೇನೋ" ಎಂದೆ.

"ಊದಿನಕಡ್ಡಿ ಹಚ್ಚಿದ್ರೂ ನಿಮ್ಗೆ ಮನೆ ಸುಡ್ತೈತೆ ಅನ್ಸುತ್ತೆ, ಬಿಡ್ರಿ ಮೇಷ್ಟ್ರೇ!" ಗಂಡ ಹೆಂಡತಿ ಇಬ್ಬರೂ ನಕ್ಕರು. ಮರ್ಯಾದೆಗೆ ನಾನೂ ನಕ್ಕೆ.

ಹೊಗೆ ಒಳಗೆ ಬಂದಾಗ ಅವರ ಹೆಂಡತಿಯನ್ನು ಇಳಿಸಿ ದೂರ ಕೂರಿಸಿದೆವು. ಅಡಿಯಲ್ಲಿ ಸುತ್ತಿಕೊಂಡ ಒಣ ಬಳ್ಳಿ ಬಿಸಿ ಸೈಲೆನ್ಸರಿಗೆ ತಾಗಿ ಹೊತ್ತಿಕೊಂಡಿತ್ತು. ನನ್ನ ಜೀವಮಾನದ ಅಷ್ಟೂ ಭಯಗಳಲ್ಲಿ ನಿಜವಾದದ್ದು ಇದೊಂದೇ. ಹುರುಳಿ ಹರಡಿದ್ದ ಮುದುಕಿ ಓಡಿ ಬಂದು ಸೆರಗಿನಲ್ಲಿ ಮಣ್ಣು ತುಂಬಿ ಎರಚಿದಳು. ಕಾರು ಉಳಿಯಲಿಲ್ಲ.

"ನನ್ನಿಂದಾತಲ್ಲಪ್ಪಾ" ಎಂದು ಅವಳು ಅತ್ತಳು.

"ಸುಮ್ಕಿರವ್ವಾ, ನೀನೇನ್ ಮಾಡ್ತೀಯಾ" ಎಂದು ಇವರು ಅವಳ ಕೈ ಹಿಡಿದು ಬೆಂಕಿಯಿಂದ ಹಿಂದಕ್ಕೆ ಎಳೆದರು.

ಆಮೇಲೆ ಬಸ್ಸೇ ಗತಿಯಾಯಿತು. ಮೊನ್ನೆ ಮಧ್ಯಾಹ್ನವಾದರೂ ಇಬ್ಬರೂ ನಿಲ್ದಾಣದಲ್ಲೇ ಕೂತಿದ್ದರು. ಬಂದ ಬಸ್ಸುಗಳೆಲ್ಲ ತುಂಬಿದ್ದವು. ಹೆಂಡತಿಯ ಕಾಲು ಊದಿತ್ತು.

"ಆಸ್ಪತ್ರೇಲಿ ಇವತ್ತಿನ ಪಾಳಿ ಹೋಯ್ತು ಮೇಷ್ಟ್ರೇ" ಎಂದರು.

ಏನೂ ಆಗಲ್ಲ ಬಿಡ್ರಿ ಎನ್ನಲು ಹೋದೆ. ಆ ಮಾತು ನನ್ನ ಬಾಯಿಗೆ ಎಂದೂ ಬಂದಿಲ್ಲ, ಅವತ್ತೂ ಬರಲಿಲ್ಲ.